ಕೂಪನ್‌ನ ಲೆಕ್ಕ, ಮನೆಯ ಲೆಕ್ಕ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಕೂಪನ್ ಬಗ್ಗೆ ಮಾತನಾಡುವುದೇನು ಎಂದು ಕೆಲವರಿಗೆ ಅನ್ನಿಸಬಹುದು. ಸೋಪಿನ ಪುಡಿಯ ಪ್ಯಾಕೆಟ್ಟಿನಲ್ಲಿ ಬರುವ ಚೀಟಿ, ಬಟ್ಟೆ ಅಂಗಡಿಯವರು ಬಿಲ್ಲಿನ ಜೊತೆ ಕೊಡುವ ಚೀಟಿ, ಮೊಬೈಲಿಗೆ ಬರುವ ಆಫರ್ ಇವೆಲ್ಲ ಸಣ್ಣ ವಿಷಯಗಳೇ ಸರಿ. ಆದರೆ ನಮ್ಮ ಹೆಚ್ಚಿನ ಮನೆಗಳಲ್ಲಿ ಮಗುವಿನ ಓದು ನಿಲ್ಲುವುದೂ ಸಣ್ಣ ಮೊತ್ತಗಳಿಂದಲೇ. ಜೂನ್ ತಿಂಗಳಲ್ಲಿ ನೋಟ್‌ಬುಕ್ಕಿಗೆ, ಬ್ಯಾಗಿಗೆ, ಬಸ್ ಪಾಸಿಗೆ, ಕಾಲೇಜಿನ ಅರ್ಜಿಗೆ ಬೇಕಾಗುವ ಎರಡು ಮೂರು ಸಾವಿರ ರೂಪಾಯಿ ಕೈಯಲ್ಲಿಲ್ಲದೆ ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ತರಗತಿಗೆ ಹೋಗುವುದು ಕಷ್ಟ. ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ ಒಂಬತ್ತು ಮತ್ತು ಹತ್ತನೇ ತರಗತಿಗೆ ಮಾತ್ರ ಸೀಮಿತಗೊಳಿಸಲಾಯಿತು. ಒಂದರಿಂದ ಎಂಟರವರೆಗಿನ ಮಕ್ಕಳ ಮನೆಗೆ ಆ ನೆರವು ತಪ್ಪಿತು. ಹಾಗಾಗಿ ಮನೆಯ ಖರ್ಚಿನಲ್ಲೇ ಒಂದಿಷ್ಟು ಉಳಿಸುವುದು ಈಗ ನಮಗೆ ಅನಿವಾರ್ಯ. ಕೂಪನ್ ಉಳಿಸುತ್ತದೆಯೋ ಕಳೆಯುತ್ತದೆಯೋ ಎಂಬ ಪ್ರಶ್ನೆ ಬರುವುದು ಇಲ್ಲಿ.

ಕೂಪನ್ ಕೊಡುವವರು ಏಕೆ ಕೊಡುತ್ತಾರೆ?

ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕೋಣ. ಯಾವ ವ್ಯಾಪಾರಿಯೂ ನಷ್ಟ ಮಾಡಿಕೊಳ್ಳಲು ಅಂಗಡಿ ತೆರೆಯುವುದಿಲ್ಲ. ಅದರಲ್ಲಿ ತಪ್ಪೂ ಇಲ್ಲ. ಕೂಪನ್ ಕೊಡುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ. ಒಂದು, ನೀವು ಈವರೆಗೆ ಕೊಳ್ಳದ ಬ್ರ್ಯಾಂಡನ್ನು ಒಮ್ಮೆ ಮನೆಗೆ ತರಿಸುವುದು. ಎರಡು, ಒಂದು ಬೇಕಾದಲ್ಲಿ ಮೂರು ಕೊಳ್ಳಿಸುವುದು. ಮೂರು, ಒಮ್ಮೆ ಬಂದವರನ್ನು ಮತ್ತೆ ಅದೇ ಅಂಗಡಿಗೆ ಕರೆಸುವುದು. ನಾಲ್ಕು, ಒಂದೇ ಸರಕನ್ನು ಎರಡು ಬೆಲೆಗೆ ಮಾರುವುದು. ಪುರುಸೊತ್ತಿಲ್ಲದವರು ಪೂರ್ತಿ ಬೆಲೆ ಕೊಡುತ್ತಾರೆ, ಚೀಟಿ ಕತ್ತರಿಸಿಟ್ಟುಕೊಂಡು ಬರುವವರು ಕಡಿಮೆ ಕೊಡುತ್ತಾರೆ. ಇಬ್ಬರೂ ಗಿರಾಕಿಗಳಾಗಿ ಉಳಿಯುತ್ತಾರೆ.

ಇದು ಇಂದಿನ ವಿದ್ಯೆಯೂ ಅಲ್ಲ. ಅಮೆರಿಕದಲ್ಲಿ ಕೋಕಾಕೋಲಾ ಪಾನೀಯವನ್ನು ಜನರಿಗೆ ಪರಿಚಯಿಸಲು 1887-88ರ ಸುಮಾರಿಗೇ ಒಂದು ಲೋಟ ಉಚಿತ ಎಂಬ ಚೀಟಿಗಳನ್ನು ಹಂಚಿದ್ದರು. ಕುಡಿದವರು ಮತ್ತೆ ದುಡ್ಡು ಕೊಟ್ಟು ಕುಡಿದರು. ಕೂಪನ್‌ನ ಇಡೀ ಗುಟ್ಟು ಆ ಎರಡನೆಯ ಲೋಟದಲ್ಲಿದೆ.

ಕೊಡುವವರಿಗೆ ಅವರ ಲೆಕ್ಕವಿದೆ. ತೆಗೆದುಕೊಳ್ಳುವ ನಮಗೆ ನಮ್ಮ ಲೆಕ್ಕ ಇರಬೇಕು. ಎರಡೂ ಲೆಕ್ಕ ಒಟ್ಟಿಗೆ ಸರಿಹೋಗುವ ಸಂದರ್ಭಗಳೂ ಇವೆ. ಅವನ್ನು ಗುರುತಿಸುವುದೇ ಜಾಣತನ.

ಗೂಡಿನ ಮಾರುಕಟ್ಟೆ ಕಲಿಸುವ ಪಾಠ

ಈ ಲೆಕ್ಕವನ್ನು ನಮ್ಮ ಊರಿನವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಮ್ಮ ರೀಲರ್ ಸಹೋದರರು ದಿನವೂ ಇದನ್ನೇ ಮಾಡುತ್ತಾರೆ. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಯಾವ ಅನುಭವಿ ರೀಲರ್ ಕೂಡ ಲಾಟ್ ಹಿಡಿಯುವುದಿಲ್ಲ. ಗೂಡನ್ನು ಕೈಯಲ್ಲಿ ಒತ್ತಿ ನೋಡುತ್ತಾರೆ, ಅಲುಗಾಡಿಸುತ್ತಾರೆ, ರೆಂಡಿಟ್ಟಾ ಎಷ್ಟು ಬರಬಹುದು ಎಂದು ಮನಸ್ಸಿನಲ್ಲೇ ಅಂದಾಜು ಮಾಡುತ್ತಾರೆ. ವಿದ್ಯಾರ್ಥಿಗಳಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕೋ ಅದೇ ರೆಂಡಿಟ್ಟಾ.

ಲೆಕ್ಕಕ್ಕೆಂದು ಎರಡು ಲಾಟ್ ಇಟ್ಟುಕೊಳ್ಳಿ. ಒಂದು ಕಿಲೋಗೆ 520 ರೂಪಾಯಿ, ರೆಂಡಿಟ್ಟಾ 7. ಇನ್ನೊಂದು ಕಿಲೋಗೆ 480 ರೂಪಾಯಿ, ರೆಂಡಿಟ್ಟಾ 8. ನೋಡಿದರೆ ಎರಡನೆಯದು 40 ರೂಪಾಯಿ ಅಗ್ಗ. ಆದರೆ ಒಂದು ಕಿಲೋ ರೇಷ್ಮೆಗೆ ಮೊದಲನೆಯದರಲ್ಲಿ ಬೀಳುವ ಗೂಡಿನ ಖರ್ಚು 3,640 ರೂಪಾಯಿ, ಎರಡನೆಯದರಲ್ಲಿ 3,840 ರೂಪಾಯಿ. ಅಗ್ಗದ ಗೂಡು ಕಿಲೋ ರೇಷ್ಮೆಗೆ 200 ರೂಪಾಯಿ ನುಂಗಿತು.

ಮಾರುಕಟ್ಟೆಯಲ್ಲಿ ಇಷ್ಟು ಚುರುಕಾಗಿರುವ ನಾವು ಕಿರಾಣಿ ಅಂಗಡಿಗೆ ಬಂದಾಗ ಈ ಬುದ್ಧಿಯನ್ನು ಏಕೆ ಮನೆಯಲ್ಲೇ ಬಿಟ್ಟು ಬರಬೇಕು? ಬಟ್ಟೆ ತೊಳೆಯುವ ಪುಡಿಗೂ ರೆಂಡಿಟ್ಟಾ ಇದೆ. 140 ರೂಪಾಯಿಯ ಕಿಲೋ ಪುಡಿಗೆ 20 ರೂಪಾಯಿ ಕೂಪನ್ ಇದೆ, 120ಕ್ಕೆ ಸಿಗುತ್ತದೆ. ಪಕ್ಕದಲ್ಲಿ ಕೂಪನ್ ಇಲ್ಲದ ಪುಡಿ 100 ರೂಪಾಯಿಗೇ ಇದೆ. ಯಾವುದು ಲಾಭ? ಕಿಲೋ ಲೆಕ್ಕದಲ್ಲಿ ನೂರರದ್ದು. ಆದರೆ 120ರ ಪುಡಿ 40 ಸಲ ಒಗೆಯಲು ಬಂದು, ನೂರರ ಪುಡಿ 25 ಸಲಕ್ಕೆ ಮುಗಿದರೆ, ಒಂದು ಒಗೆತಕ್ಕೆ ಮೊದಲನೆಯದು 3 ರೂಪಾಯಿ, ಎರಡನೆಯದು 4 ರೂಪಾಯಿ. ಆಗ ಕೂಪನ್ ಇರುವುದೇ ಲಾಭ. ಎರಡೂ ಅಷ್ಟೇ ಸಲ ಬಂದರೆ 20 ರೂಪಾಯಿಯ ಕೂಪನ್ ಬಳಸಿಯೂ ನಾವು 20 ರೂಪಾಯಿ ಹೆಚ್ಚು ಕೊಟ್ಟಂತೆ. ಕೂಪನ್ ಮೇಲೆ ಬರೆದ ಸಂಖ್ಯೆಯನ್ನು ನೋಡಬೇಡಿ, ಕೊನೆಗೆ ಬಳಕೆಗೆ ಎಷ್ಟು ಬಿತ್ತು ಎಂಬುದನ್ನು ನೋಡಿ. ಈಗ ಎಷ್ಟೋ ಪ್ಯಾಕೆಟ್ಟುಗಳ ಮೇಲೆ ಎಂಆರ್‌ಪಿ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಎಂದೂ ಮುದ್ರಿಸಿರುತ್ತಾರೆ. ಅಕ್ಷರ ಸಣ್ಣದು. ಓದಿ ಹೇಳುವ ಕೆಲಸ ಮನೆಯ ವಿದ್ಯಾರ್ಥಿಗಳದ್ದು.

ನಾಲ್ಕು ಪ್ರಶ್ನೆಗಳು

ಕೂಪನ್ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ ಎಂಬುದು ನನ್ನ ಸಲಹೆ.

ಮೊದಲನೆಯದು: ಈ ಸಾಮಾನು ಕೂಪನ್ ಬರುವ ಮುಂಚೆಯೇ ನಮ್ಮ ಚೀಟಿಯಲ್ಲಿತ್ತೇ? ಇದ್ದರೆ ಕೂಪನ್ ಉಳಿತಾಯ. ಇಲ್ಲದಿದ್ದರೆ ಅದು ಖರ್ಚು. 200 ರೂಪಾಯಿಯ ಬೇಡದ ವಸ್ತುವನ್ನು 150ಕ್ಕೆ ತಂದವರು 50 ಉಳಿಸಲಿಲ್ಲ, 150 ಕಳೆದರು.

ಎರಡನೆಯದು: ಕನಿಷ್ಠ ಖರೀದಿಯ ಷರತ್ತು ಏನು? 999 ರೂಪಾಯಿಗೆ ಮೇಲ್ಪಟ್ಟು ಕೊಂಡರೆ 150 ಕಡಿಮೆ ಎನ್ನುತ್ತಾರೆ. ನಿಮ್ಮ ಚೀಟಿಯ ಸಾಮಾನು 640 ರೂಪಾಯಿಯದ್ದು. 999 ಮುಟ್ಟಿಸಲು ಇನ್ನೂ 359 ರೂಪಾಯಿಯದ್ದು ತುಂಬಿಸುತ್ತೀರಿ. ಕೊಟ್ಟಿದ್ದು 849. ಅಂದರೆ ಕೈಯಿಂದ 209 ರೂಪಾಯಿ ಹೆಚ್ಚು ಹೋಯಿತು. ಆ 359 ರೂಪಾಯಿಗೆ ಮುಂದಿನ ತಿಂಗಳು ಹೇಗೂ ಬೇಕಾಗುವ ತೊಗರಿಬೇಳೆ, ಎಣ್ಣೆ, ಸೋಪು ತಂದಿದ್ದರೆ 150 ರೂಪಾಯಿಯೂ ನಿಜವಾದ ಲಾಭ. ಬಿಸ್ಕತ್ತು, ಕುರುಕಲು ತಿಂಡಿ ತಂದಿದ್ದರೆ ನಾಲ್ಕು ದಿನದಲ್ಲಿ ಅದೂ ಇಲ್ಲ, ದುಡ್ಡೂ ಇಲ್ಲ. ಇನ್ನೊಂದು ಮಾತು. ಆ 209 ರೂಪಾಯಿಯನ್ನು ಈ ವಾರ ಕೊಟ್ಟು ಮುಂದಿನ ವಾರ ಕರೆಂಟ್ ಬಿಲ್ಲಿಗೆ ಸಾಲ ಮಾಡುವಂತಿದ್ದರೆ ಬೇಳೆಯೂ ಬೇಡ. ವಾರದ ಕೂಲಿ, ಪೀಸ್ ಲೆಕ್ಕದ ಕೂಲಿಯಲ್ಲಿ ನಡೆಯುವ ಮನೆಗೆ ಕೈಯಲ್ಲಿರುವ ನಗದು ಬಹಳ ಮುಖ್ಯ.

ಮೂರನೆಯದು: ಕೂಪನ್ ಬಳಸಲು ಹೋಗಿ ಬರುವ ಖರ್ಚು ಎಷ್ಟು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹಾಗಾಗಿ ಬೆಂಗಳೂರಿನ ದೊಡ್ಡ ಅಂಗಡಿಯ ಆಫರಿಗೆ ಹೋಗಿಬರುವುದು ಪುಕ್ಕಟೆ ಎಂಬ ಭಾವನೆ ಬಂದಿದೆ. ಟಿಕೆಟ್ ಪುಕ್ಕಟೆ, ಹೊತ್ತು ಪುಕ್ಕಟೆಯಲ್ಲ. ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣದ ಅರಗು ಹಚ್ಚುವ ಸಹೋದರಿಗೆ, ರಾಮನಗರದಲ್ಲಿ ನೂಲು ತೆಗೆಯುವ ಸಹೋದರಿಗೆ ಅರ್ಧ ದಿನದ ಕೆಲಸ ತಪ್ಪಿದರೆ ಎಷ್ಟು ಕೂಲಿ ಹೋಗುತ್ತದೆ ಎಂದು ಅವರಿಗೇ ಚೆನ್ನಾಗಿ ಗೊತ್ತು. ಆ ಕೂಲಿಗಿಂತ ಕೂಪನ್ ದೊಡ್ಡದಾದರೆ ಹೋಗಿ. ಬೇರೆ ಕೆಲಸಕ್ಕೆ ಹೇಗೂ ಹೋಗಿದ್ದಾಗ ಬಳಸಿದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು: ಅವಧಿ ಯಾವಾಗ ಮುಗಿಯುತ್ತದೆ, ಸಾಮಾನು ಯಾವಾಗ ಕೆಡುತ್ತದೆ? ಸೋಪು, ಪೇಸ್ಟು, ಪೆನ್ನು, ನೋಟ್‌ಬುಕ್ಕು ಕೂಡಿಡಬಹುದು. ಹುಳು ಬೀಳುವ ರವೆ, ಹಿಟ್ಟು, ಕಮಟು ಹಿಡಿಯುವ ಎಣ್ಣೆ ಅಳತೆ ಮೀರಿ ಬೇಡ. ಕನಕಪುರ, ಮಾಗಡಿಯ ಸಂತೆಗಳಲ್ಲಿ ಹೊತ್ತು ಇಳಿದ ಮೇಲೆ ಸೊಪ್ಪು ತರಕಾರಿಯ ಬೆಲೆ ತಾನೇ ಇಳಿಯುತ್ತದೆ. ಅದಕ್ಕಿಂತ ಒಳ್ಳೆಯ ಕೂಪನ್ ತರಕಾರಿಗೆ ಬೇರೆ ಇಲ್ಲ.

ಈದ್ ಬಟ್ಟೆ ಮತ್ತು ಬೀದಿಯ ಅಂಗಡಿ

ರಮಝಾನಿನ ಕೊನೆಯ ಹತ್ತು ದಿನ ಬಟ್ಟೆ ಅಂಗಡಿಗಳಲ್ಲಿ ಕಾಣುವ ಒಂದು ಆಫರನ್ನು ಬಿಡಿಸಿ ನೋಡೋಣ. 3,000 ರೂಪಾಯಿಗೆ ಬಟ್ಟೆ ಕೊಂಡರೆ 500 ರೂಪಾಯಿಯ ಕೂಪನ್. ಆದರೆ ಅದನ್ನು ಮುಂದಿನ ಖರೀದಿಗೆ ಮಾತ್ರ, ಕನಿಷ್ಠ 2,000 ರೂಪಾಯಿಗೆ, 30 ದಿನದೊಳಗೆ ಬಳಸಬೇಕು. ಕೇಳಿದರೆ ಮೂರು ಸಾವಿರಕ್ಕೆ ಐದು ನೂರು, ಆರರಲ್ಲಿ ಒಂದು ಪಾಲು ಬಿಟ್ಟಂತೆ ಕಾಣುತ್ತದೆ. ನಿಜಕ್ಕೆ 5,000 ರೂಪಾಯಿಯ ಬಟ್ಟೆಗೆ ನೀವು 4,500 ಕೊಟ್ಟಿರಿ. ರಿಯಾಯಿತಿ ಶೇಕಡಾ 10 ಮಾತ್ರ. ಮನೆಯವರೆಲ್ಲರ ಬಟ್ಟೆಗೆ ಹೇಗೂ ಐದು ಸಾವಿರ ಬೇಕಿದ್ದರೆ ಖರೀದಿಯನ್ನು ಎರಡು ಬಿಲ್ ಮಾಡಿ, ಕೂಪನ್ ಬಳಸಿ, ಲಾಭ ಪಡೆಯಿರಿ. ಮೂರು ಸಾವಿರದಲ್ಲೇ ಮುಗಿಯುವ ಮನೆಗೆ ಆ ಕೂಪನ್‌ನ ಬೆಲೆ ಸೊನ್ನೆ. ಅಂಥವರು ಚೌಕಾಸಿ ಮಾಡಿ ಅಲ್ಲೇ ಬಿಲ್ಲಿನಲ್ಲಿ 200 ಕಡಿಮೆ ಮಾಡಿಸಿಕೊಂಡರೆ ಅದೇ ಮೇಲು.

ಬೀದಿ ಕೊನೆಯ ಕಿರಾಣಿ ಅಂಗಡಿಯನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಕೂಪನ್ ಇಲ್ಲ, ಬೆಲೆಯೂ ಎರಡು ರೂಪಾಯಿ ಹೆಚ್ಚಿರಬಹುದು. ಆದರೆ ಗೂಡಿನ ಬೆಲೆ ಏರಿ ಘಟಕ ನಿಂತ ವಾರ, ಮನೆಯಲ್ಲಿ ಕಾಯಿಲೆ ಬಿದ್ದ ವಾರ, ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಬೇಳೆ ಕೊಡುವವರು ಅವರೇ. ಮೊಬೈಲಿನ ಆಪ್ ಆ ದಿನ ಸಹಾಯಕ್ಕೆ ಬರುವುದಿಲ್ಲ. ಕೈಯಲ್ಲಿ ದುಡ್ಡಿದ್ದಾಗ ದೊಡ್ಡ ಅಂಗಡಿ, ಇಲ್ಲದಾಗ ಬೀದಿಯ ಅಂಗಡಿ ಎಂದರೆ ಆ ಅಂಗಡಿಯೂ ಉಳಿಯುವುದಿಲ್ಲ, ನಮ್ಮ ಮಾತೂ ಉಳಿಯುವುದಿಲ್ಲ. ಹಾಗೆಂದು ಸಾಲ ಕೊಡುತ್ತಾರೆಂದು ಎಲ್ಲವನ್ನೂ ದುಬಾರಿಗೆ ತರಬೇಕೆಂದೂ ಅಲ್ಲ. ತಿಂಗಳ ದೊಡ್ಡ ಸಾಮಾನನ್ನು ಲೆಕ್ಕ ಹಾಕಿ ತನ್ನಿ, ದಿನದ ಸಣ್ಣ ಸಾಮಾನನ್ನು ಬೀದಿಯಲ್ಲಿ ಕೊಳ್ಳಿ, ಪುಸ್ತಕದ ಬಾಕಿಯನ್ನು ಹೇಳಿದ ದಿನ ತೀರಿಸಿ.

ದೂರವಿಡಬೇಕಾದ ಕೂಪನ್‌ಗಳು

ಕೆಲವು ಕೂಪನ್‌ಗಳಿಗೆ ಲೆಕ್ಕವೇ ಬೇಡ, ದೂರ ಇಡುವುದೇ ಸರಿ.

ಮೊದಲನೆಯದು ಲಕ್ಕಿ ಡ್ರಾ. ತಿಂಗಳಿಗೆ ಐನೂರು ಕಟ್ಟಿ, ಪ್ರತಿ ತಿಂಗಳು ಒಬ್ಬರಿಗೆ ಬೀರು ಅಥವಾ ಬೈಕು, ಬಂದವರು ಮುಂದೆ ಕಟ್ಟಬೇಕಾಗಿಲ್ಲ ಎನ್ನುವ ಸ್ಕೀಮುಗಳು ಊರೂರಿಗೆ ಬರುತ್ತವೆ. ಇಂಥ ಬಹುಮಾನದ ಚೀಟಿಗಳನ್ನು ತಡೆಯಲೆಂದೇ 1978ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ನಮ್ಮ ಧರ್ಮದಲ್ಲೂ ಜೂಜು ಹರಾಮ್. ಬೇಕಾದ ಸಾಮಾನನ್ನು ನ್ಯಾಯವಾದ ಬೆಲೆಗೆ ಕೊಂಡಾಗ ತಾನಾಗಿ ಸಿಗುವ ಬಹುಮಾನ ಬೇರೆ, ಬಹುಮಾನದ ಆಸೆಗೇ ದುಡ್ಡು ಹಾಕುವುದು ಬೇರೆ ಎಂಬ ವ್ಯತ್ಯಾಸವನ್ನು ಉಲಮಾಗಳು ತೋರಿಸುತ್ತಾರೆ. ಸಂಶಯ ಬಂದಾಗ ಅವರನ್ನೇ ಕೇಳಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಂಪನಿ ಮುಳುಗಿದಾಗ ನಮ್ಮ ಸಮುದಾಯದ ಸಾವಿರಾರು ಮನೆಗಳು ಮಗಳ ಮದುವೆಯ, ಮಗನ ಓದಿನ ಹಣವನ್ನು ಕಳೆದುಕೊಂಡವು. ಅದು ಕೂಪನ್ ಅಲ್ಲ, ಹೂಡಿಕೆ. ಆದರೆ ಪಾಠ ಒಂದೇ. ಹಲಾಲ್ ಎಂಬ ಹೆಸರು ಹಚ್ಚಿದ ಮಾತ್ರಕ್ಕೆ ಲೆಕ್ಕ ಕೇಳುವುದನ್ನು ಬಿಡಬಾರದು.

ಎರಡನೆಯದು ಅಂಚೆಯಲ್ಲಿ ಬರುವ ಸ್ಕ್ರ್ಯಾಚ್ ಕಾರ್ಡು, ವಾಟ್ಸ್ಆಪ್‌ನಲ್ಲಿ ಬರುವ ಉಚಿತ ಗಿಫ್ಟಿನ ಲಿಂಕು. ಗೀಚಿದರೆ ಕಾರು ಬಂದಿರುತ್ತದೆ, ಆಮೇಲೆ ತೆರಿಗೆ ಕಟ್ಟಿ ಎನ್ನುತ್ತಾರೆ. ಬಹುಮಾನ ಪಡೆಯಲು ಮೊದಲು ದುಡ್ಡು ಕಟ್ಟಿ ಎಂದರೆ ಅದು ಮೋಸ ಎಂದೇ ತಿಳಿಯಿರಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋಗಿದ್ದರೆ ನಾಚಿಕೆ ಪಡದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ.

ಮೂರನೆಯದು ಚುನಾವಣೆಯ ಕೂಪನ್. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಲ್ಲಿ ಗಿಫ್ಟ್ ಕೂಪನ್ ಹಂಚಿದರೆಂಬ ಆರೋಪಗಳು ನಮ್ಮ ಭಾಗದಲ್ಲೂ ಕೇಳಿಬಂದವು. ಯಾವ ಪಕ್ಷದ ಮಾತೂ ಇಲ್ಲಿ ಬೇಡ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಮತಕ್ಕಾಗಿ ಉಡುಗೊರೆ ಕೊಡುವುದು ಲಂಚ. ಒಂದು ಕೂಪನ್‌ಗೆ ಐದು ವರ್ಷದ ಶಾಲೆ, ರಸ್ತೆ, ಆಸ್ಪತ್ರೆ ಕೇಳುವ ಬಾಯಿಯನ್ನು ಮಾರಿಕೊಂಡರೆ ಅದಕ್ಕಿಂತ ನಷ್ಟದ ವ್ಯಾಪಾರ ಇಲ್ಲ.

ಅಂಗಡಿಯವರು ಕೂಪನ್ ಕೊಟ್ಟು ಆಮೇಲೆ ಒಪ್ಪದಿದ್ದರೆ ಸುಮ್ಮನಿರಬೇಕಾಗಿಲ್ಲ. ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಘೋಷಿಸುವುದು, ಬೆಲೆಯಲ್ಲೇ ಸೇರಿಸಿ ಉಚಿತ ಎಂದು ನಂಬಿಸುವುದು, ಡ್ರಾದ ಫಲಿತಾಂಶ ಮುಚ್ಚಿಡುವುದು ಇವೆಲ್ಲ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲನ್ನೂ ಕೂಪನ್ನನ್ನೂ ಜೋಪಾನವಾಗಿಟ್ಟು 1915 ಸಹಾಯವಾಣಿಗೆ ದೂರು ಹೇಳಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ನಾವೂ ಪ್ರಾಮಾಣಿಕರಾಗಿರಬೇಕು. ಗಿರಾಕಿಗೆ ಸೇರಬೇಕಾದ ಕೂಪನ್ನನ್ನು ಪ್ಯಾಕೆಟ್ಟಿನಿಂದ ಕಿತ್ತು ಇಟ್ಟುಕೊಳ್ಳುವ ವ್ಯಾಪಾರಿ, ಒಬ್ಬರಿಗೆ ಒಂದೇ ಎಂಬ ಕೂಪನ್ನನ್ನು ಸುಳ್ಳು ಹೆಸರಿನಲ್ಲಿ ನಾಲ್ಕು ಸಲ ಬಳಸುವ ಗಿರಾಕಿ ಇಬ್ಬರೂ ತೂಕದಲ್ಲಿ ಮೋಸ ಮಾಡಿದವರ ಸಾಲಿಗೇ ಸೇರುತ್ತಾರೆ.

ಉಳಿದ ಹಣ ಎಲ್ಲಿದೆ?

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ನಾಲ್ಕೂ ಪ್ರಶ್ನೆ ಕೇಳಿ, ಸರಿಯಾಗಿ ಬಳಸಿ, 60 ರೂಪಾಯಿ ಉಳಿಸಿದಿರಿ ಎನ್ನಿ. ಆ 60 ರೂಪಾಯಿ ಈಗ ಎಲ್ಲಿದೆ? ಬಿಲ್ಲಿನ ಕೆಳಗೆ ‘ನೀವು ಉಳಿಸಿದ್ದು’ ಎಂದು ಅಚ್ಚು ಹಾಕಿರುತ್ತಾರೆ. ಆದರೆ ಮನೆಗೆ ಬರುವ ದಾರಿಯಲ್ಲೇ ಅದು ಚಹಾಕ್ಕೋ ಐಸ್‌ಕ್ರೀಮಿಗೋ ಹೋಗಿರುತ್ತದೆ. ಕಾಗದದ ಮೇಲಿನ ಉಳಿತಾಯದಿಂದ ಫೀಸು ಕಟ್ಟಲು ಆಗುವುದಿಲ್ಲ. ಉಳಿದದ್ದನ್ನು ಅಂದೇ ಬೇರೆ ಇಟ್ಟರೆ ಮಾತ್ರ ಅದು ಉಳಿತಾಯ.

ಮನೆಯಲ್ಲಿ ಒಂದು ಡಬ್ಬಿ ಇಡಿ, ಅದರ ಮೇಲೆ ಓದುವ ಮಗುವಿನ ಹೆಸರು ಬರೆಯಿರಿ. ಕೂಪನ್‌ನಿಂದ, ರಿಯಾಯಿತಿಯಿಂದ, ಚೌಕಾಸಿಯಿಂದ ಉಳಿದ ಹಣ ಅಂದೇ ಅದಕ್ಕೆ ಬೀಳಲಿ. ವಾರಕ್ಕೆ 60 ರೂಪಾಯಿಯಾದರೆ 52 ವಾರಕ್ಕೆ 3,120 ರೂಪಾಯಿ. ಜೂನ್ ತಿಂಗಳ ನೋಟ್‌ಬುಕ್ಕು, ಬ್ಯಾಗು, ಹುಡುಗನ ಬಸ್ ಪಾಸಿನ ಚಿಂತೆ ಬಹುಮಟ್ಟಿಗೆ ತೀರಿತು. ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಗೆ ಹಾಕಿದರೆ ಇನ್ನೂ ಭದ್ರ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿ: ದಿನಾಂಕ, ಸಾಮಾನು, ಮೊದಲೇ ಚೀಟಿಯಲ್ಲಿತ್ತೇ, ಉಳಿದದ್ದು ಎಷ್ಟು, ಡಬ್ಬಿಗೆ ಬಿತ್ತೇ. ಮೂರು ತಿಂಗಳು ಬರೆಯಿರಿ. ನಾಲ್ಕನೆಯ ಅಂಕಣದ ಮೊತ್ತವನ್ನೂ ಡಬ್ಬಿಯಲ್ಲಿರುವ ಹಣವನ್ನೂ ಹೋಲಿಸಿ ನೋಡಿ. ಎರಡರ ನಡುವಿನ ಅಂತರವೇ ಕೂಪನ್ ನಮ್ಮನ್ನು ಮರುಳು ಮಾಡಿದ ಮೊತ್ತ. ಶೇಕಡಾವಾರು ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು.

ಸಂಘದ ಹಿರಿಯರಲ್ಲಿಯೂ ಒಂದು ವಿನಂತಿ. ಕಂಪನಿಯವರು ಕೂಪನ್ ಕೊಡಬಹುದಾದರೆ ನಾವೇ ಏಕೆ ಕೊಡಬಾರದು? ಮೇ ತಿಂಗಳಲ್ಲೇ ನಾಲ್ಕೂ ಊರಿನ ಮಕ್ಕಳ ನೋಟ್‌ಬುಕ್ಕಿನ ಪಟ್ಟಿ ಮಾಡಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಸಗಟು ಅಂಗಡಿಗಳಿಂದ ಒಟ್ಟಿಗೆ ತರಿಸಿ, ತಂದ ಬೆಲೆಗೇ ಸದಸ್ಯರಿಗೆ ಚೀಟಿಯ ಮೂಲಕ ಹಂಚಬಹುದು. ಕಷ್ಟದಲ್ಲಿರುವ ಮನೆಗೆ ಅದೇ ಚೀಟಿಯನ್ನು ಅರ್ಧ ಬೆಲೆಗೆ ಕೊಟ್ಟರೆ ಯಾರು ಅರ್ಧ ಕೊಟ್ಟರು, ಯಾರು ಪೂರ್ತಿ ಕೊಟ್ಟರು ಎಂದು ಪಕ್ಕದವರಿಗೂ ತಿಳಿಯುವುದಿಲ್ಲ. ಕೈ ಚಾಚದೆ, ತಲೆ ತಗ್ಗಿಸದೆ ಒಂದು ಮಗು ಪುಸ್ತಕ ಪಡೆಯುತ್ತದೆ.

ಸಹೋದರ ಸಹೋದರಿಯರೇ, ಪವಿತ್ರ ಕುರ್‌ಆನ್‌ನ ಅಲ್ ಫುರ್ಖಾನ್ ಅಧ್ಯಾಯದಲ್ಲಿ ಅಲ್ಲಾಹನ ದಾಸರ ಗುಣಗಳನ್ನು ಹೇಳುವಾಗ, ದುಂದುಗಾರಿಕೆಯೂ ಅಲ್ಲದ ಜಿಪುಣತನವೂ ಅಲ್ಲದ ನಡುದಾರಿಯ ಖರ್ಚನ್ನು ಹೇಳಲಾಗಿದೆ. ಕೂಪನ್ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುವುದೂ ಆ ದಾರಿಯಲ್ಲ, ನಾಲ್ಕು ಕಾಸಿಗೆ ಲೆಕ್ಕವೇ ಬೇಡ ಎಂದು ಕೈ ಬೀಸುವುದೂ ಅಲ್ಲ. ಬೇಕಾದದ್ದನ್ನು ಬೇಕಾದಷ್ಟು ಕೊಂಡು, ಉಳಿದದ್ದನ್ನು ಮಕ್ಕಳ ಓದಿಗೆ ಸೇರಿಸುವುದು ಆ ದಾರಿ. ನಮ್ಮ ಸಂಪಾದನೆಯಲ್ಲೂ ಖರ್ಚಿನಲ್ಲೂ ಅಲ್ಲಾಹನು ಬರಕತ್ ನೀಡಲಿ, ನಮ್ಮ ಮಕ್ಕಳ ವಿದ್ಯೆಯನ್ನು ಹೆಚ್ಚಿಸಲಿ. ಆಮೀನ್.